‘ಡಿ’ ಎಂದು ಬರೆದಿಟ್ಟ ಊರುಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭೆಯಲ್ಲಿ ತೋರಿಸಿದ ನಕ್ಷೆಗಳೂ ಚಿತ್ರಗಳೂ ಇಲ್ಲಿಲ್ಲವಾದ್ದರಿಂದ ಅವು ಹೇಳುತ್ತಿದ್ದುದನ್ನು ಅಲ್ಲಲ್ಲಿ ಮಾತಿನಲ್ಲೇ ತುಂಬಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಉತ್ತರ ಸಮುದ್ರದ ದಡಕ್ಕೆ ತಾಗಿಕೊಂಡು, ಡರ್ಹಾಮ್ ಎಂಬ ಕೌಂಟಿಯಿದೆ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಎನ್ನಬಹುದು. ಅದರ ನಕ್ಷೆಯನ್ನು ಬಿಡಿಸಿಟ್ಟು ಊರುಗಳ ಹೆಸರನ್ನು ಓದುತ್ತ ಹೋದರೆ ಕೆಲವು ಹೆಸರುಗಳು ವಿಚಿತ್ರವೆನಿಸುತ್ತವೆ. ಈಸಿಂಗ್ಟನ್ ಎಂಬ ಹಳೆಯ ಹಳ್ಳಿಯ ಪಕ್ಕದಲ್ಲಿ ಈಸಿಂಗ್ಟನ್ ಕಾಲಿಯರಿ ಎಂಬ ಇನ್ನೊಂದು ಊರು, ಕಾರ್ನ್ಸೇ ಎಂಬುದರ ಹತ್ತಿರ ಕಾರ್ನ್ಸೇ ಕಾಲಿಯರಿ, ಎಶ್ ಎಂಬುದರಿಂದ ಸ್ವಲ್ಪ ದೂರದಲ್ಲಿ ಎಶ್ ವಿನ್ನಿಂಗ್. ಕಾಲಿಯರಿ ಎಂದರೆ ಕಲ್ಲಿದ್ದಲ ಗಣಿ. ವಿನ್ನಿಂಗ್ ಎಂಬುದನ್ನು ಗೆಲುವು ಎಂದು ಓದಿಕೊಂಡರೆ ತಪ್ಪೇನಿಲ್ಲ, ಆದರೆ ಅದು ಯುದ್ಧದ ಗೆಲುವಲ್ಲ. ನೆಲದೊಳಕ್ಕೆ ಹೊಸ ಶಾಫ್ಟು ತೋಡಿ ಕಲ್ಲಿದ್ದಲ ಪದರವನ್ನು ತಲುಪುವುದನ್ನೇ ಅಲ್ಲಿನ ಗಣಿಯವರು ‘ಗೆಲ್ಲುವುದು’ ಎನ್ನುತ್ತಿದ್ದರು. ಹಳೆಯ ಹಳ್ಳಿಗೆ ಒಂದು ಚರ್ಚು, ಒಂದು ಹೊಲಗದ್ದೆಯ ಬಯಲು, ಸಾವಿರ ವರ್ಷದ ನೆನಪು ಇದ್ದರೆ, ಹೊಸದಕ್ಕೆ ಇದ್ದದ್ದು ಒಂದು ಶಾಫ್ಟು ಮತ್ತು ಅದನ್ನು ತೋಡಿದ ವರ್ಷ. ಇಂಥ ಊರುಗಳ ಬಗ್ಗೆ ನಾನು ಈ ಹೊತ್ತು ಮಾತನಾಡಬೇಕೆಂದಿರುವೆ. ಹೆಚ್ಚಾಗಿ, ಅವುಗಳಲ್ಲಿ ಮೂರರಲ್ಲೊಂದು ಭಾಗವನ್ನು ಇನ್ನು ಬದುಕಿಸಬೇಕಾಗಿಲ್ಲ ಎಂದು ಒಂದು ಸರಕಾರಿ ಕಾಗದ ತೀರ್ಮಾನಿಸಿದ ಬಗೆಯನ್ನೂ, ಆ ತೀರ್ಮಾನವನ್ನು ಮಾಡಿದವರು ಯಾರೆಂಬುದನ್ನೂ.

ಮೊದಲು ಊರು ಹುಟ್ಟುವ ಕ್ರಮವನ್ನು ಹೇಳಬೇಕು. ಡರ್ಹಾಮಿನ ಪಶ್ಚಿಮ ಭಾಗದಲ್ಲಿ ಕಲ್ಲಿದ್ದಲು ನೆಲಮಟ್ಟಕ್ಕೆ ಹತ್ತಿರ. ಪದರಗಳು ತೆಳು, ಆದರೆ ಕಬ್ಬಿಣದ ಕುಲುಮೆಗೆ ಬೇಕಾದ ಕೋಕ್ ಮಾಡಲು ಹೇಳಿ ಮಾಡಿಸಿದಂಥ ಇದ್ದಿಲು. ಪೂರ್ವ ಭಾಗದಲ್ಲಿ ಅದೇ ಪದರಗಳು ಸುಣ್ಣಕಲ್ಲಿನ ದಪ್ಪ ಹಾಸಿನ ಕೆಳಗೆ ಆಳಕ್ಕೆ ಇಳಿದಿವೆ. ಆ ಹಾಸಿನ ಕೆಳಗೆ ಒಳ್ಳೆಯ ಇದ್ದಿಲು ಸಿಗುವುದೇ ಎಂಬ ಅನುಮಾನ ಬಹಳ ಕಾಲವಿತ್ತು; 1822ರಲ್ಲಿ ಹೆಟ್ಟನ್ ಎಂಬಲ್ಲಿ ಸುಣ್ಣಕಲ್ಲನ್ನು ಸೀಳಿಕೊಂಡು ಹೋದ ಶಾಫ್ಟು ಆ ಅನುಮಾನವನ್ನು ತೀರಿಸಿತು. ಅಲ್ಲಿಂದ ಮುಂದೆ ಗಣಿಗಳು ಪೂರ್ವಕ್ಕೆ ಸಾಗುತ್ತ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಕಡಲ ದಡವನ್ನು ಮುಟ್ಟಿ, ಕಡಲ ತಳದ ಕೆಳಗೂ ಮೈಲುಗಟ್ಟಲೆ ಚಾಚಿಕೊಂಡವು. 1913ರಲ್ಲಿ, ಉತ್ಪಾದನೆ ತುತ್ತತುದಿಗೆ ಮುಟ್ಟಿದ ವರ್ಷದಲ್ಲಿ, ಈ ಒಂದು ಕೌಂಟಿಯಲ್ಲಿ 1,60,000ಕ್ಕಿಂತ ಹೆಚ್ಚು ಮಂದಿ ಗಣಿಗಳಲ್ಲಿ ದುಡಿಯುತ್ತಿದ್ದರು.

ಶಾಫ್ಟು ಇಳಿಯುವುದಕ್ಕೆ ನೆಲ ಎಲ್ಲಿ ಒಪ್ಪುತ್ತದೋ ಅಲ್ಲೇ ಇಳಿಯಬೇಕು, ಪಟ್ಟಣದ ಪಕ್ಕದಲ್ಲೇ ಇಳಿಯಬೇಕೆಂದೇನೂ ಇಲ್ಲ. ಹಾಗಾಗಿ ಕುರಿ ಮೇಯುತ್ತಿದ್ದ ಬಯಲಿನಲ್ಲಿ, ಗೋಧಿ ಹೊಲದ ನಡುವೆ, ಒಂದೆರಡು ವರ್ಷದೊಳಗೆ ಇಟ್ಟಿಗೆಯ ಮನೆಗಳ ಸಾಲುಗಳು ಏಳುತ್ತಿದ್ದವು. ಮನೆಗಳನ್ನು ಕಟ್ಟಿಸುವವನು ಗಣಿಯ ಒಡೆಯ. ಕೋಲಾರದ ಚಿನ್ನದ ಗಣಿಯನ್ನು ಬಲ್ಲವರು ‘ಲೈನು’ ಎಂದರೆ ತಟ್ಟನೆ ಗ್ರಹಿಸುತ್ತಾರೆ. ಡರ್ಹಾಮಿನಲ್ಲಿ ಅದಕ್ಕೆ ‘ರೋ’ ಎಂದು ಹೆಸರು. ಬೀದಿಗಳಿಗೆ ಹೆಸರಿಡುವ ಪುರುಸೊತ್ತೂ ಕೆಲವೆಡೆ ಇರಲಿಲ್ಲ. ಹೋರ್ಡನ್ ಎಂಬ ಕಡಲ ದಡದ ಗಣಿಯೂರಿನಲ್ಲಿ ಒಂದನೆಯ ಬೀದಿ, ಎರಡನೆಯ ಬೀದಿ, ಮೂರನೆಯ ಬೀದಿ ಎಂದೇ ಎಣಿಸಿಕೊಂಡು ಹೋಗಿದ್ದಾರೆ.

ಮನೆಗೆ ಬಾಡಿಗೆಯಿಲ್ಲ, ಒಲೆಗೆ ಇದ್ದಿಲು ಬಿಟ್ಟಿ. ಕೇಳುವುದಕ್ಕೆ ಸುಖವಾಗಿದೆ. ಆದರೆ ಬಿಟ್ಟಿ ಮನೆಯೆಂದರೆ ಕೆಲಸ ಇರುವವರೆಗಿನ ಮನೆ. ಗಂಡ ಗಣಿಯಲ್ಲಿ ಸತ್ತರೆ ಹೆಂಡತಿ ಮನೆ ಬಿಡಬೇಕು, ಮುಪ್ಪಾಗಿ ಕೈ ಸೋತರೆ ಮನೆ ಬಿಡಬೇಕು, ಮುಷ್ಕರ ಹೂಡಿದರಂತೂ ಸಾಮಾನು ಬೀದಿಗೆ ಬೀಳುವುದು ಖಚಿತ. 1872ರವರೆಗೆ ಇದಕ್ಕೆ ಇನ್ನೊಂದು ಕೊಂಡಿಯೂ ಇತ್ತು: ವರ್ಷಕ್ಕೊಮ್ಮೆ ಗಣಿಗಾರರು ಒಡೆಯನ ಮುಂದೆ ಸಾಲಾಗಿ ನಿಂತು ‘ಬಾಂಡ್’ ಎಂಬ ಕರಾರಿಗೆ ಗುರುತು ಹಾಕಬೇಕಾಗಿತ್ತು, ಹಾಕಿದವನು ವರ್ಷ ತುಂಬುವ ತನಕ ಬೇರೆ ಗಣಿಗೆ ಹೋಗುವಂತಿರಲಿಲ್ಲ, ಹೋದರೆ ಜೈಲು. 1844ರಲ್ಲಿ ಡರ್ಹಾಮ್ ಮತ್ತು ನಾರ್ಥಂಬರ್ಲೆಂಡಿನ ಗಣಿಗಾರರು ದೊಡ್ಡ ಮುಷ್ಕರ ಹೂಡಿದಾಗ, ಹಲವು ಗಣಿಗಳ ಒಡೆಯನಾದ ಲಾರ್ಡ್ ಲಂಡನ್‌ಡೆರಿ ಮನೆಗಳನ್ನು ಖಾಲಿ ಮಾಡಿಸಿದ್ದಲ್ಲದೆ, ತನ್ನ ಸೀಹ್ಯಾಮ್ ಪಟ್ಟಣದ ಅಂಗಡಿಯವರಿಗೆ ಮುಷ್ಕರ ಹೂಡಿದವರಿಗೆ ಸಾಲ ಕೊಡಕೂಡದೆಂದು ಎಚ್ಚರಿಕೆ ಕೊಟ್ಟ. ಐರ್ಲೆಂಡಿನಲ್ಲಿದ್ದ ತನ್ನ ಜಮೀನಿನಿಂದ ಆಳುಗಳನ್ನು ತರಿಸಿದ. ಊರೆಲ್ಲ ಒಬ್ಬನ ಸ್ವತ್ತಾದರೆ ಉಪ್ಪಿನ ಸಾಲವೂ ಅವನ ಕೈಯಲ್ಲಿರುತ್ತದೆ.

ಅದೇ 1844ರ ಸೆಪ್ಟೆಂಬರ್ 28ರಂದು, ಮುಷ್ಕರ ಸೋತು ಜನ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ, ಹ್ಯಾಸ್ವೆಲ್ ಎಂಬ ಗಣಿಯಲ್ಲಿ ಸ್ಫೋಟವಾಗಿ 95 ಮಂದಿ, ಗಂಡಸರೂ ಹುಡುಗರೂ, ಸತ್ತರು. ಸತ್ತವರ ಪರವಾಗಿ ನಿಂತ ವಕೀಲರ ಒತ್ತಾಯದಿಂದ ಸರಕಾರ ತನಿಖೆಗೆಂದು ಇಬ್ಬರನ್ನು ಕಳಿಸಿತು: ಒಬ್ಬರು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್, ಇನ್ನೊಬ್ಬರು ಮೈಕೆಲ್ ಫ್ಯಾರಡೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ವಿದ್ಯುತ್ತಿನ ಪಾಠದಲ್ಲಿ ಸಿಗುವ ಅದೇ ಫ್ಯಾರಡೆ. ಗಣಿಯೊಳಗೆ ಕೂತು, ಮೇಣದ ಬತ್ತಿಯ ಬೆಳಕಿನಲ್ಲಿ, ಸಿಡಿಮದ್ದನ್ನು ಎಲ್ಲಿ ಇಡುತ್ತೀರಿ ಎಂದು ಅವರು ಕೇಳಿದಾಗ, ಚೀಲದಲ್ಲಿ ಕಟ್ಟಿಡುತ್ತೇವೆ, ಈಗ ತಾವು ಕೂತಿರುವುದು ಅದರ ಮೇಲೆಯೇ ಎಂಬ ಉತ್ತರ ಬಂದಿತೆಂದು ಲಯೆಲ್ ಮುಂದೆ ನೆನೆದುಕೊಂಡಿದ್ದಾರೆ. ಕಲ್ಲಿದ್ದಲ ದೂಳೂ ಉರಿಯನ್ನು ಹಬ್ಬಿಸುತ್ತದೆಂದು ಆ ಇಬ್ಬರು ತಮ್ಮ ವರದಿಯಲ್ಲಿ ಗುರುತಿಸಿದರು. ಗಣಿ ಒಡೆಯರು ಅದನ್ನು ಬೇಗ ಕಿವಿಗೆ ಹಾಕಿಕೊಳ್ಳಲಿಲ್ಲ. 1909ರ ಫೆಬ್ರವರಿ 16ರಂದು ವೆಸ್ಟ್ ಸ್ಟ್ಯಾನ್ಲಿಯಲ್ಲಿ ಒಂದೇ ಮಧ್ಯಾಹ್ನ 168 ಮಂದಿ ಹೋದರು.

ಹ್ಯಾಸ್ವೆಲ್ಲಿನ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ, ಅಲ್ಲಿಗೆ ಮತ್ತೆ ಬರುತ್ತೇವೆ.

ಇಷ್ಟರವರೆಗೆ ಹೇಳಿದ್ದೆಲ್ಲ ಒಡೆಯ ಕಟ್ಟಿದ ಊರು. ಅದರೊಳಗೆ ಗಣಿಗಾರರು ತಮ್ಮದೇ ಇನ್ನೊಂದು ಊರನ್ನು ಕಟ್ಟಿಕೊಂಡರು, ಮತ್ತು ನನ್ನ ಇಡೀ ಉಪನ್ಯಾಸ ನಿಂತಿರುವುದು ಈ ಎರಡನೆಯ ಊರಿನ ಮೇಲೆ. ಅದರ ಮೊದಲ ಕಟ್ಟಡ ಬಹುಮಟ್ಟಿಗೆ ಚಾಪೆಲ್. ಭೂಮಾಲೀಕರ ಪಕ್ಕದ ಬೆಂಚಿನಲ್ಲಿ ಕೂರಬೇಕಾದ ಚರ್ಚಿನ ಬದಲು, ಮೆಥಡಿಸ್ಟ್ ಪಂಗಡದ, ಅದರಲ್ಲೂ ಪ್ರಿಮಿಟಿವ್ ಮೆಥಡಿಸ್ಟರ ಸಣ್ಣ ಪ್ರಾರ್ಥನಾ ಮಂದಿರಗಳು ಗಣಿಯೂರುಗಳಲ್ಲಿ ಬೇರೂರಿದವು. ಅಲ್ಲಿ ಉಪದೇಶ ಮಾಡುತ್ತಿದ್ದವನು ಪಾದ್ರಿಯೇ ಆಗಬೇಕಿರಲಿಲ್ಲ; ವಾರವೆಲ್ಲ ಇದ್ದಿಲು ಕಡಿದ ಗಣಿಗಾರನೇ ಭಾನುವಾರ ವೇದಿಕೆ ಹತ್ತುತ್ತಿದ್ದ. ಓದು, ಬರಹ, ಸಭೆ ನಡೆಸುವುದು, ಲೆಕ್ಕ ಇಡುವುದು, ನಾಲ್ಕು ಜನರ ಮುಂದೆ ಅಳುಕದೆ ಮಾತನಾಡುವುದು ಇವನ್ನೆಲ್ಲ ಅಲ್ಲಿ ಕಲಿತವನು ಸೋಮವಾರ ಅದೇ ವಿದ್ಯೆಯನ್ನು ಸಂಘದಲ್ಲಿ ಬಳಸಿದ. 1869ರಲ್ಲಿ ಡರ್ಹಾಮ್ ಗಣಿಗಾರರ ಸಂಘ ಹುಟ್ಟಿತು. ಅದರ ಊರಮಟ್ಟದ ಘಟಕಕ್ಕೆ ‘ಲಾಡ್ಜ್’ ಎಂದು ಹೆಸರು, ಪ್ರತಿ ಲಾಡ್ಜಿಗೂ ರೇಷ್ಮೆಯ ಮೇಲೆ ಚಿತ್ರ ಬರೆಸಿದ ಆಳೆತ್ತರಕ್ಕೂ ಮಿಗಿಲಾದ ಬ್ಯಾನರು.

ಇದರ ಜೊತೆಗೆ ತೂಕದ ಮಾತು ಬರುತ್ತದೆ. ಇದ್ದಿಲು ಕಡಿಯುವವನಿಗೆ ಕೂಲಿ ದಿನಕ್ಕಿಷ್ಟೆಂದಲ್ಲ, ತೂಕಕ್ಕಿಷ್ಟು. ತಾನು ತುಂಬಿದ ಗಾಡಿಗೆ ತನ್ನ ನಂಬರಿನ ಬಿಲ್ಲೆ ಕಟ್ಟಿ ಮೇಲಕ್ಕೆ ಕಳಿಸಿದರೆ, ಮೇಲೆ ತಕ್ಕಡಿಯ ಬಳಿ ಕೂತವನು ಒಡೆಯನ ಗುಮಾಸ್ತ. ಅವನ ಪಕ್ಕದಲ್ಲಿ ಗಣಿಗಾರರೇ ಸಂಬಳ ಕೊಟ್ಟು ಕೂರಿಸುವ ತಮ್ಮ ತೂಕದವನು ಇರಬಹುದೆಂದು 1860ರ ಕಾಯಿದೆ ಒಪ್ಪಿತು. ಊರಿನಲ್ಲಿ ಯಾರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲವೋ ಅಂಥವನನ್ನೇ ಆ ಜಾಗಕ್ಕೆ ಆರಿಸುತ್ತಿದ್ದುದರಿಂದ, ಡರ್ಹಾಮಿನ ಸಾರ್ವಜನಿಕ ಜೀವನದ ಎಷ್ಟೋ ಮುಂದಾಳುಗಳು ತಕ್ಕಡಿಯ ಬಳಿಯಿಂದ ಎದ್ದು ಬಂದವರು.

ಅವರಲ್ಲೊಬ್ಬ ಪೀಟರ್ ಲೀ. 1864ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಗಣಿಗೆ ಇಳಿದವರು. ಅಮೆರಿಕ, ದಕ್ಷಿಣ ಆಫ್ರಿಕಗಳ ಗಣಿಗಳನ್ನೂ ಕಂಡು ಬಂದವರು. ಪ್ರಿಮಿಟಿವ್ ಮೆಥಡಿಸ್ಟ್ ಉಪದೇಶಕ, ವೀಟ್ಲಿ ಹಿಲ್ ಎಂಬ ಗಣಿಯೂರಿನ ತೂಕದವರು. ಆ ಊರಿನ ಪಂಚಾಯಿತಿಯ ಅಧ್ಯಕ್ಷರಾಗಿ ಅವರು ಹಟ ಹಿಡಿದು ಮಾಡಿಸಿದ್ದು ಭಾಷಣದಲ್ಲಿ ಮೆರೆಯುವಂಥ ಕೆಲಸಗಳಲ್ಲ: ಕುಡಿಯುವ ನೀರು, ಚರಂಡಿ, ಬೀದಿ ದೀಪ. 1919ರಲ್ಲಿ ಡರ್ಹಾಮ್ ಕೌಂಟಿ ಕೌನ್ಸಿಲ್ ಲೇಬರ್ ಪಕ್ಷದ ಕೈಗೆ ಬಂತು. ದೇಶದಲ್ಲೇ ಆ ಪಕ್ಷ ಗೆದ್ದ ಮೊದಲ ಕೌಂಟಿ ಅದು, ಅದರ ಅಧ್ಯಕ್ಷರು ಪೀಟರ್ ಲೀ. ಶಾಫ್ಟಿನ ಹುಡುಗ ಜಿಲ್ಲೆಯ ಆಡಳಿತಗಾರನಾದ ಈ ಸಂಗತಿಯನ್ನು ನಾನು ಸುಮ್ಮನೆ ಮೆಚ್ಚಿಕೊಳ್ಳಲು ಹೇಳುತ್ತಿಲ್ಲ. ಮೂವತ್ತೆರಡು ವರ್ಷದ ಮೇಲೆ ಗಣಿಯೂರುಗಳಿಗೆ ಮರಣಶಾಸನ ಬರೆದದ್ದು ಇದೇ ಕೌನ್ಸಿಲ್, ಇದೇ ಪಕ್ಷದ ಆಡಳಿತದಲ್ಲಿ.

ಅದಕ್ಕೂ ಮೊದಲು, ಮಾತು ಕೊಟ್ಟಂತೆ, ಹ್ಯಾಸ್ವೆಲ್. ಆ ಗಣಿ 1896ರಲ್ಲಿ ಮುಚ್ಚಿತು. ಗಣಿ ಮುಚ್ಚಿದರೆ ಮನೆಗಳ ಸಾಲು ಯಾರಿಗೂ ಬೇಡದ ಸ್ವತ್ತು. ಅದೇ ಕಾಲಕ್ಕೆ ಜೋಸೆಫ್ ಹಾಪರ್ ಎಂಬ ಗಣಿಗಾರ, ಅವರೂ ಮೆಥಡಿಸ್ಟ್ ಉಪದೇಶಕರೇ, ಒಂದು ಪ್ರಶ್ನೆಯನ್ನು ಸಂಘದ ಸಭೆಗಳಲ್ಲಿ ಎತ್ತುತ್ತಿದ್ದರು: ಐವತ್ತು ವರ್ಷ ನೆಲದಡಿ ದುಡಿದವನು ಕೈ ಸೋತ ದಿನವೇ ಕಂಪನಿಯ ಮನೆಯಿಂದ ಹೊರಬೀಳಬೇಕಾದರೆ ಅವನೂ ಅವನ ಹೆಂಡತಿಯೂ ಹೋಗುವುದೆಲ್ಲಿಗೆ? 1898ರಲ್ಲಿ ಮುದಿ ಗಣಿಗಾರರ ಮನೆಗಳ ಸಂಘ ಹುಟ್ಟಿತು, ಡರ್ಹಾಮಿನ ಬಿಷಪ್ ವೆಸ್ಟ್‌ಕಾಟ್ ಬೆಂಬಲಿಸಿದರು, ದುಡಿಯುವ ಗಣಿಗಾರರು ತಮ್ಮ ಕೂಲಿಯಿಂದ ಚಿಲ್ಲರೆ ಹಾಕಿ ಹಣ ಕೂಡಿಸಿದರು. ಆ ಸಂಘ ಮೊದಲು ಕೊಂಡದ್ದು ಯಾವುದನ್ನು? ಹ್ಯಾಸ್ವೆಲ್ ಮೂರ್ ಎಂಬಲ್ಲಿ, ಗಣಿ ಮುಚ್ಚಿ ಖಾಲಿ ಬಿದ್ದಿದ್ದ ಮನೆಗಳ ಸಾಲನ್ನು. 1899ರಲ್ಲಿ ಅಲ್ಲಿಗೆ ಮುದುಕ ಮುದುಕಿಯರು ಬಂದು ಸೇರಿದರು. ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿ ಬರುವುದಕ್ಕೆ ಆಗಿನ್ನೂ ಹತ್ತು ವರ್ಷ ಬಾಕಿಯಿತ್ತು.

ಇದ್ದಿಲು ಮುಗಿದ ಊರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಗಣಿಗಾರರು ಹೀಗೊಂದು ಉತ್ತರವನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಕೊಟ್ಟಿದ್ದರು.

ಈಗ ಎರಡನೆಯ ಮಹಾಯುದ್ಧದ ನಂತರಕ್ಕೆ ಬರೋಣ. 1947ರ ಜನವರಿ 1ರಂದು ಗಣಿಗಳು ರಾಷ್ಟ್ರೀಕರಣವಾದವು. ಈ ಗಣಿಯನ್ನು ಜನತೆಯ ಪರವಾಗಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ನಡೆಸುತ್ತದೆ ಎಂಬ ಫಲಕಗಳು ಎಲ್ಲೆಡೆ ಎದ್ದವು. ಅದೇ ವರ್ಷ ನಗರ ಮತ್ತು ಗ್ರಾಮ ಯೋಜನೆಯ ಕಾಯಿದೆ ಬಂದು, ಪ್ರತಿ ಕೌಂಟಿಯೂ ತನ್ನ ನೆಲದ ಮುಂದಿನ ಬಳಕೆಯ ಯೋಜನೆಯನ್ನು ಬರೆದೊಪ್ಪಿಸಬೇಕಾಯಿತು. ಡರ್ಹಾಮಿನ ಯೋಜನೆ 1951ರಲ್ಲಿ ಸಿದ್ಧವಾಯಿತು. ಕೌಂಟಿಯ 357 ಊರುಗಳನ್ನು ಅದು ನಾಲ್ಕು ವರ್ಗಗಳಾಗಿ ವಿಂಗಡಿಸಿತ್ತು. ಎ ಎಂದರೆ ಬೆಳೆಯುವ ಊರು, ಅಂಥವು 70. ಬಿ ಎಂದರೆ ಇದ್ದಂತೆ ಇರುವುದು, 143. ಸಿ ಎಂದರೆ ಸ್ವಲ್ಪ ಕುಗ್ಗುವುದು, 30. ಉಳಿದ 114 ಊರುಗಳ ಮುಂದೆ ಡಿ ಎಂದು ಬರೆದಿತ್ತು. ಜನಸಂಖ್ಯೆ ಬಹಳವಾಗಿ ಇಳಿಯುವುದೆಂದು ನಿರೀಕ್ಷೆ ಇರುವ ಊರುಗಳು ಅವು, ಅಲ್ಲಿ ಇನ್ನು ಹೆಚ್ಚಿನ ಬಂಡವಾಳ ಹಾಕಬಾರದು, ಇರುವ ಮನೆಗಳೂ ಸೌಕರ್ಯಗಳೂ ಸವೆಯುವಷ್ಟು ಕಾಲ ಸವೆಯಲಿ ಎಂಬುದು ಅದರ ತಾತ್ಪರ್ಯ. 1964ರ ಪರಿಷ್ಕರಣೆಯಲ್ಲಿ ಡಿ ಊರುಗಳ ಸಂಖ್ಯೆ 121ಕ್ಕೆ ಏರಿತು.

ಯೋಜನೆ ಸಿದ್ಧವಾದ ಆ ವರ್ಷದ ಮೇ 29ರ ಮುಂಜಾನೆಯೇ ಈಸಿಂಗ್ಟನ್ ಕಾಲಿಯರಿಯಲ್ಲಿ ಸ್ಫೋಟವಾಗಿ 81 ಗಣಿಗಾರರೂ ಅವರನ್ನು ಹುಡುಕಲು ಇಳಿದ ರಕ್ಷಣಾ ದಳದ ಇಬ್ಬರೂ ಸತ್ತರು. ಒಂದು ಕೈ ಹೆಣಗಳನ್ನು ಮೇಲೆತ್ತುತ್ತಿದ್ದಾಗ ಇನ್ನೊಂದು ಕೈ ಊರುಗಳನ್ನು ವಿಂಗಡಿಸುತ್ತಿತ್ತು ಎಂದರೆ ಅದು ಅನ್ಯಾಯದ ಮಾತಾದೀತು, ಏಕೆಂದರೆ ಕೌನ್ಸಿಲಿನಲ್ಲಿ ಕೂತಿದ್ದವರ ಮನೆಯವರೂ ಗಣಿಗಳಲ್ಲೇ ಇದ್ದರು. ಅವರ ವಾದವನ್ನು ಗೌರವದಿಂದ ಕೇಳಬೇಕು. ಪಶ್ಚಿಮದ ತೆಳು ಪದರಗಳು ತೀರುತ್ತ ಬಂದಿದ್ದವು. ಒಡೆಯರು ಅಗ್ಗದಲ್ಲಿ ಕಟ್ಟಿಸಿದ ಎಷ್ಟೋ ಸಾಲುಗಳಲ್ಲಿ ಒಳಗೆ ನೀರಿಲ್ಲ, ಬಚ್ಚಲಿಲ್ಲ, ಕಕ್ಕಸು ಅಂಗಳದಾಚೆ. ಮೂರು ಪಾಳಿಯಲ್ಲಿ ದುಡಿಯುವ ಗಂಡನಿಗೂ ಗಂಡುಮಕ್ಕಳಿಗೂ ದಿನಕ್ಕೆ ಮೂರು ಸಲ ನೀರು ಕಾಯಿಸಿ, ಒಲೆಯ ಮುಂದೆ ತಗಡಿನ ತೊಟ್ಟಿಯಿಟ್ಟು ಮೀಯಿಸಿ, ಮಸಿ ಬಟ್ಟೆ ಬಡಿದು ಒಣಗಿಸಿದ ಹೆಂಗಸಿಗೆ ಆ ಮನೆಯನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಇದ್ದಿರಲೇಬೇಕೆಂದು ನಾವು ಇಲ್ಲಿ ಕೂತು ಹೇಳಲಾಗದು. ಹಣ ಕಡಮೆ, ಕೊಳವೆ ಕಡಮೆ, ಇಟ್ಟಿಗೆ ಕಡಮೆ. ಚದುರಿದ ನೂರಾರು ಊರಿಗೆ ಹಂಚಿ ಎಲ್ಲಿಯೂ ಸಾಲದಂತೆ ಮಾಡುವ ಬದಲು ಕೆಲವೆಡೆ ಚೆನ್ನಾಗಿ ಕಟ್ಟೋಣ, ಕಾರ್ಖಾನೆಗಳನ್ನು ಅಲ್ಲಿಗೆ ಕರೆಯೋಣ ಎಂಬುದು ಅವರ ಲೆಕ್ಕ.

ಹಾಗೆ ಕಟ್ಟಿದ ಹೊಸ ಪಟ್ಟಣಗಳಲ್ಲಿ ಒಂದಕ್ಕೆ ಪೀಟರ್ ಲೀ ಅವರ ಹೆಸರನ್ನೇ ಇಟ್ಟು ಪೀಟರ್‌ಲೀ ಎಂದು ಕರೆದರು. 1948ರಲ್ಲಿ ಅದರ ಘೋಷಣೆಯಾಯಿತು. ಬೇಕೆಂದು ಕೇಳಿದವರು ಆ ಭಾಗದ ಗಣಿಗಾರರ ಪ್ರತಿನಿಧಿಗಳೇ. ಮೊದಲ ವಾಸ್ತುಶಿಲ್ಪಿ ಬೆರ್ಥೋಲ್ಡ್ ಲುಬೆಟ್ಕಿನ್ ಎತ್ತರದ ಕಟ್ಟಡಗಳ ಭವ್ಯ ಪಟ್ಟಣವನ್ನು ಕಲ್ಪಿಸಿದರೆ, ಪಟ್ಟಣದ ಅಡಿಯಲ್ಲೇ ಇದ್ದಿಲಿದೆ, ಅದನ್ನು ತೆಗೆಯುವಾಗ ನೆಲ ಕುಸಿಯುತ್ತದೆ ಎಂದು ಕಲ್ಲಿದ್ದಲು ಮಂಡಳಿ ಅಡ್ಡ ನಿಂತಿತು. 1950ರಲ್ಲಿ ಅವರು ಕೈಬಿಟ್ಟು ಹೋದರು. ಇದ್ದಿಲು ಮುಗಿಯಿತೆಂದು ಕೆಲವು ಊರುಗಳನ್ನು ಅಳಿಸುವ, ಇದ್ದಿಲು ಇದೆಯೆಂದು ಒಂದು ಪಟ್ಟಣವನ್ನು ಕಟ್ಟಗೊಡದ ಈ ವೈಚಿತ್ರ್ಯಕ್ಕೆ ಆ ಕಾಲದಲ್ಲಿ ಎಷ್ಟು ಮಂದಿ ನಕ್ಕರೋ.

ನನ್ನ ತಕರಾರು ಲೆಕ್ಕದ ಮೇಲಲ್ಲ, ಲೆಕ್ಕಕ್ಕೆ ಬಾರದೆ ಹೋದದ್ದರ ಮೇಲೆ. ಯೋಜಕರ ಕಣ್ಣಿಗೆ ಕಂಡದ್ದು ಒಡೆಯ ಕಟ್ಟಿದ ಮೊದಲನೆಯ ಊರು: ಶಾಫ್ಟು, ಸಾಲುಮನೆ, ಕಕ್ಕಸು. ಶಾಫ್ಟು ಸತ್ತರೆ ಅದೂ ಸತ್ತಂತೆಯೇ ಸರಿ. ಚಾಪೆಲು, ಸಹಕಾರಿ ಅಂಗಡಿ, ಟನ್ನಿಗೆ ಒಂದು ಪೆನ್ನಿಯಂತೆ 1920ರ ಕಾಯಿದೆಯ ಪ್ರಕಾರ ಕೂಡಿದ ನಿಧಿಯಿಂದ ಎದ್ದ ವೆಲ್ಫೇರ್ ಹಾಲ್ ಎಂಬ ಸಭಾಭವನ, ಹಿತ್ತಾಳೆ ವಾದ್ಯದ ತಂಡ, ಪಾರಿವಾಳದ ಗೂಡುಗಳು, ಶರತ್ಕಾಲದ ಪೈಪೋಟಿಗೆಂದು ಮಗುವಿನಂತೆ ಸಾಕುವ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡದ ಮಡಿಗಳು, ನೆಲದಡಿ ಜೊತೆಯಾಗಿ ದುಡಿದವನನ್ನು ಸಾಯುವ ತನಕ ‘ಮಾರಾ’ ಎಂದು ಕರೆಯುವ ಸಲಿಗೆ, ಇವುಗಳಿಗೆ ಆ ನಾಲ್ಕು ಅಕ್ಷರಗಳ ಕೋಷ್ಟಕದಲ್ಲಿ ಕಲಮು ಇರಲಿಲ್ಲ. ಅದಕ್ಕಿಂತ ದೊಡ್ಡ ಪ್ರಮಾದವೆಂದರೆ, ಊರಿನವರು ಬಸ್ಸು ಹತ್ತಿ ಇನ್ನೊಂದು ಕಡೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳಬಹುದು ಎಂಬ ಸರಳ ಸಾಧ್ಯತೆಗೆ ಅದು ಬೆಲೆ ಕೊಡಲಿಲ್ಲ.

ಡಿ ಎಂಬ ಅಕ್ಷರ ಊರನ್ನು ಕೊಲ್ಲುವ ವಿಧಾನ ಬುಲ್ಡೋಜರಿನಿಂದ ಮೊದಲಾಗುವುದಿಲ್ಲ. ಹೊಸ ಮನೆ ಕಟ್ಟಲು ಅನುಮತಿಯಿಲ್ಲ. ದುರಸ್ತಿಗೆ ನೆರವಿಲ್ಲ. ಮದುವೆಯಾದ ಮಗನಿಗೆ ಊರಿನಲ್ಲಿ ಮನೆ ಸಿಗದೆ ಅವನು ಆಚೆ ಹೋಗುತ್ತಾನೆ. ಮಕ್ಕಳು ಕಡಮೆಯಾಗಿ ಶಾಲೆ ಸೊರಗುತ್ತದೆ, ಗಿರಾಕಿ ಕಡಮೆಯಾಗಿ ಅಂಗಡಿ ಮುಚ್ಚುತ್ತದೆ, ಆಮೇಲೆ ಅಧಿಕಾರಿಗಳು ಬಂದು ನೋಡಿ, ಜನ ಇಳಿಯುತ್ತಾರೆಂದು ನಾವು ಹೇಳಿರಲಿಲ್ಲವೇ ಎನ್ನಬಹುದು. ಕೂಡಿಟ್ಟ ಹಣದಿಂದ ತಮ್ಮ ಹಳೆಯ ಮನೆಯನ್ನು ಕೊಂಡುಕೊಂಡಿದ್ದ ಗಣಿಗಾರರಿಗೆ ಪೆಟ್ಟು ಎರಡು ಪಟ್ಟು: ಡಿ ಊರಿನ ಮನೆಯನ್ನು ಕೊಳ್ಳುವವರಿಲ್ಲ, ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿ ಕೆಡವಿದರೆ ಪರಿಹಾರ ಮನೆಗಲ್ಲ, ನಿವೇಶನದ ಬೆಲೆಗೆ ಮಾತ್ರ. ಕಂಪನಿಯ ಮನೆಯಿಂದ ಹೊರಬೀಳುವ ಭಯವನ್ನು ನೂರು ವರ್ಷ ಉಂಡವರು ಕಡೆಗೆ ಸ್ವಂತ ಮನೆಯಿಂದಲೇ ಹೊರಬಿದ್ದರು.

ವಿಟನ್ ಪಾರ್ಕ್ ಎಂಬ ಊರನ್ನು ಉದಾಹರಣೆಗೆ ನೋಡಬಹುದು. ಉಗಿಬಂಡಿಯ ಮೊದಲ ಸಾರ್ವಜನಿಕ ರೈಲುಮಾರ್ಗವೆಂದು ನಾವು ಓದುವ ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗ 1825ರ ಸೆಪ್ಟೆಂಬರ್ 27ರಂದು ತೆರೆದಾಗ, ಅದರ ಪಶ್ಚಿಮದ ತುದಿ ವಿಟನ್ ಪಾರ್ಕಿನ ಕಲ್ಲಿದ್ದಲ ಗಣಿ. ಮೊದಲ ದಿನದ ಇದ್ದಿಲ ಬಂಡಿಗಳು ಅಲ್ಲಿಂದಲೇ ಹೊರಟು, ಎರಡು ಗುಡ್ಡಗಳನ್ನು ಹಗ್ಗದ ಬಲದಿಂದ ಹತ್ತಿಳಿದು, ಶಿಲ್ಡನ್ನಿನಲ್ಲಿ ಎಂಜಿನ್ನಿಗೆ ಜೋಡಿಕೊಂಡವು. 1846ರಲ್ಲಿ ಬೋಲ್ಕೋ ಮತ್ತು ವಾನ್ ಎಂಬ ಪಾಲುದಾರರು ಅಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದರು. ವೇಲ್ಸಿನಿಂದಲೂ ಐರ್ಲೆಂಡಿನಿಂದಲೂ ಜನ ಬಂದು ತುಂಬಿದರು. ಉಕ್ಕು ಬಂದು ಕಬ್ಬಿಣವನ್ನು ಬದಿಗೊತ್ತಿದಾಗ, 1884ರಲ್ಲಿ, ಕಾರ್ಖಾನೆ ಮುಚ್ಚಿತು. ಅಂದರೆ ಡಿ ಎಂಬ ಅಕ್ಷರ ಬೀಳುವ ಹೊತ್ತಿಗೆ ಆ ಊರು ತನ್ನ ದೊಡ್ಡ ಕಸುಬು ಹೋದ ಮೇಲೂ ಅರವತ್ತು ವರ್ಷಕ್ಕಿಂತ ಹೆಚ್ಚು ಬದುಕಿ ತೋರಿಸಿಯಾಗಿತ್ತು. ಈ ನಡುವೆ ಮೊದಲ ಮಹಾಯುದ್ಧದಲ್ಲಿ ಅದೇ ಊರಿನ ಬ್ರಾಡ್‌ಫೋರ್ಡ್ ಮನೆತನದ ನಾಲ್ವರು ಅಣ್ಣತಮ್ಮಂದಿರಲ್ಲಿ ಮೂವರು ಮಡಿದರು, ಮಡಿದವರಲ್ಲಿ ಇಬ್ಬರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ಯುದ್ಧದಲ್ಲಿ ಒಡಹುಟ್ಟಿದ ಇಬ್ಬರಿಗೆ ಆ ಪದಕ ಬಂದದ್ದು ಇದೊಂದೇ ಸಲ. ರೈಲಿನ ಚರಿತ್ರೆಯಲ್ಲೂ ಯುದ್ಧದ ಚರಿತ್ರೆಯಲ್ಲೂ ಹೆಸರಿರುವ ಊರಿಗೆ ಯೋಜನೆಯ ಕಡತದಲ್ಲಿ ಸಿಕ್ಕಿದ್ದು ನಾಲ್ಕನೆಯ ಅಕ್ಷರ. ಅಲ್ಲಿಂದ ಒಂದು ನಡಿಗೆಯ ದೂರದಲ್ಲಿ ಎಸ್ಕಮ್ ಎಂಬಲ್ಲಿ ಏಳನೆಯ ಶತಮಾನದ ಚರ್ಚಿದೆ, ರೋಮನ್ನರ ಕೋಟೆಯ ಕಲ್ಲುಗಳನ್ನು ಹೊತ್ತು ತಂದು ಕಟ್ಟಿದ್ದು. ಕಟ್ಟಿದವರ ಕಸುಬು ಯಾವಾಗ ಮುಗಿಯಿತೆಂದು ಅದನ್ನು ಯಾರೂ ಕೇಳುವುದಿಲ್ಲ.

ವಿಟನ್ ಪಾರ್ಕಿನ ಹಲವು ಸಾಲುಗಳು ಉರುಳಿದವು. ಆದರೆ ಊರಿನವರು ಸುಮ್ಮನಿರಲಿಲ್ಲ. ಸಭೆ ನಡೆಸುವುದೂ ಅರ್ಜಿ ಬರೆಯುವುದೂ ಗಣಿಯೂರುಗಳಿಗೆ ಹೊಸತೇ? ತಮ್ಮ ತಾತಂದಿರು ಒಡೆಯರ ವಿರುದ್ಧ ಬಳಸಿದ ಹತಾರಗಳನ್ನು ಅವರು ತಾವೇ ಆರಿಸಿದ ಕೌನ್ಸಿಲಿನ ವಿರುದ್ಧ ಎತ್ತಬೇಕಾಯಿತು. ಬೇರೆ ಬೇರೆ ಡಿ ಊರುಗಳಲ್ಲಿ ಇಂಥದೇ ಪ್ರತಿರೋಧಗಳು ನಡೆದವು. ಕೌನ್ಸಿಲ್ ಮೊದಲು ಪಟ್ಟಿಯನ್ನು ಸಡಿಲಿಸಿತು, 1977ರಲ್ಲಿ ಆ ನೀತಿಯನ್ನೇ ಕೈಬಿಟ್ಟಿತು. ಪೂರ್ತಿ ಅಳಿದುಹೋದ ಊರುಗಳಿಗಿಂತ ಅರ್ಧ ಅಳಿದು ಉಳಿದ ಊರುಗಳೇ ಹೆಚ್ಚು. ಕಾರ್ನ್ಸೇ ಕಾಲಿಯರಿಯಂಥ ಕಡೆ ರಸ್ತೆಯ ಬದಿಯಲ್ಲಿ ಒಂದಷ್ಟು ಮನೆಗಳಿದ್ದು, ಮಿಕ್ಕ ಊರಿನ ಜಾಗ ಹುಲ್ಲುಗಾವಲಾಗಿದೆ. ವಿಟನ್ ಪಾರ್ಕಿನಲ್ಲಿ ಆಮೇಲೆ ಹೊಸ ಮನೆಗಳೂ ಎದ್ದವು.

ಪೂರ್ವದ ದಡದ ದೊಡ್ಡ ಗಣಿಗಳ ಕತೆ ಬೇರೆ. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಮುಷ್ಕರ, ಅದರಲ್ಲಿ ಹೆಂಗಸರು ನಡೆಸಿದ ಅಡುಗೆಮನೆಗಳು, ಸೋಲು, ಇವೆಲ್ಲ ಇನ್ನೊಂದು ಉಪನ್ಯಾಸಕ್ಕಾಗುವಷ್ಟಿವೆ. ಹೋರ್ಡನ್ 1987ರಲ್ಲಿ, ಈಸಿಂಗ್ಟನ್ 1993ರಲ್ಲಿ ಮುಚ್ಚಿದವು. ಅದೇ ವರ್ಷದ ಕೊನೆಗೆ ಸಂಡರ್‌ಲೆಂಡಿನ ವೇರ್‌ಮೌತ್ ಗಣಿಯೂ ನಿಂತು, ಡರ್ಹಾಮಿನ ಆಳದ ಗಣಿಗಾರಿಕೆ ಮುಗಿಯಿತು. ಆ ಜಾಗದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ. ದಶಕಗಳ ಕಾಲ ಗಣಿಯ ಕಸವನ್ನು ನೇರ ಕಡಲಿಗೆ ಸುರಿದು ಕಪ್ಪಾಗಿದ್ದ ದಡವನ್ನು 1997ರಿಂದ ಐದು ವರ್ಷ ಸ್ವಚ್ಛಗೊಳಿಸಿದರು. ಮಿಕ್ಕದ್ದನ್ನು ಅಲೆಗಳೇ ತಿನ್ನುತ್ತಿವೆ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆ ಒಳ್ಳೆಯದಾಗಿದ್ದುದರಿಂದ ಇಲ್ಲಿ ಸೇರಿಸುತ್ತೇನೆ. ಕೆಲಸವಿಲ್ಲದ ಊರಿನಲ್ಲಿ ಜನರನ್ನು ಬರೀ ಅಭಿಮಾನದ ಮೇಲೆ ಉಳಿಸಿಕೊಳ್ಳುವುದು ಸರಿಯೇ, ಉಳಿದ ಊರುಗಳು ಈಗ ಸುಖವಾಗಿವೆಯೇ ಎಂದು ಅವರು ಕೇಳಿದರು. ಸುಖವಾಗಿವೆ ಎಂದು ನಾನು ಹೇಳಲಾರೆ. ಹಳೆಯ ಗಣಿಯೂರುಗಳಲ್ಲಿ ಬಡತನವಿದೆ, ಗಣಿಯ ದೂಳು ತಿಂದ ಎದೆಗಳಿವೆ; ಹೋರ್ಡನ್ನಿನ ಆ ಎಣಿಸಿಟ್ಟ ಬೀದಿಗಳಲ್ಲಿ ಬಾಗಿಲಿಗೆ ತಗಡು ಬಡಿದ ಮನೆಗಳನ್ನು ಸಾಕಷ್ಟು ಕಂಡಿದ್ದಾರೆ. ಯೋಜಕರು ಮುಂಗಂಡ ಕಷ್ಟ ಸುಳ್ಳಾಗಿರಲಿಲ್ಲ. ಆದರೆ ಊರನ್ನು ಬಿಡಬೇಕೋ ಇರಬೇಕೋ ಎಂದು ಅಲ್ಲಿರುವವನು ತೂಗಿ ನೋಡುವುದು ಬೇರೆ, ಅವನ ಗಾಡಿಯನ್ನು ಇನ್ನೊಬ್ಬ ತೂಗಿ ಅಂಕಿ ಬರೆಯುವುದು ಬೇರೆ. ತಕ್ಕಡಿಯ ಬಳಿ ತಮ್ಮವನೊಬ್ಬ ಇರಲೇಬೇಕೆಂದು ಕಾಯಿದೆ ಮಾಡಿಸಿಕೊಂಡಿದ್ದ ಜನರ ಕೌನ್ಸಿಲ್, ಊರುಗಳನ್ನು ತೂಗುವಾಗ ಆ ಕುರ್ಚಿಯನ್ನು ಖಾಲಿ ಬಿಟ್ಟಿತು.

1871ರಲ್ಲಿ ಮೊದಲಾದ ಗಣಿಗಾರರ ಜಾತ್ರೆ ಈಗಲೂ ಜುಲೈ ತಿಂಗಳ ಎರಡನೆಯ ಶನಿವಾರ ಡರ್ಹಾಮ್ ನಗರದಲ್ಲಿ ಸೇರುತ್ತದೆ. ಲಾಡ್ಜುಗಳ ಬ್ಯಾನರುಗಳು ವಾದ್ಯದ ಹಿಂದೆ ಹೊರಟು, ಹಳೆಯ ಹೋಟೆಲೊಂದರ ಉಪ್ಪರಿಗೆಯ ಮುಂದೆ ನಿಂತು ನುಡಿಸಿ, ನದಿಯಂಚಿನ ಬಯಲಿಗೆ ಇಳಿಯುತ್ತವೆ. ಕೆಲವು ಮಧ್ಯಾಹ್ನ ಕೆಥೀಡ್ರಲಿನೊಳಗೆ ಹೋಗುತ್ತವೆ. ಆ ವರ್ಷ ಗಣಿಯಲ್ಲಿ ಯಾರಾದರೂ ಸತ್ತಿದ್ದರೆ ಬ್ಯಾನರಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಗಣಿ ಮುಚ್ಚಿ ಅರ್ಧ ಶತಮಾನ ಕಳೆದ ಊರುಗಳವರೂ ಹರಿದುಹೋದ ಹಳೆಯ ರೇಷ್ಮೆಯ ಮಾದರಿಯಲ್ಲಿ ಹೊಸ ಬ್ಯಾನರು ಮಾಡಿಸಿಕೊಂಡು ಬರುತ್ತಿದ್ದಾರೆ. ಹಾಪರ್ ಅವರ ಸಂಘವೂ ನಿಂತಿಲ್ಲ. ಅದು ಕೌಂಟಿಯ ಉದ್ದಗಲಕ್ಕೂ ಮನೆಗಳನ್ನು ನಡೆಸುತ್ತಿದೆ, ಈಗ ಗಣಿಗೆ ಎಂದೂ ಇಳಿಯದ ಮುದುಕರೂ ಅವುಗಳಲ್ಲಿದ್ದಾರೆ. ಹ್ಯಾಸ್ವೆಲ್ಲಿನಲ್ಲಿ ಗಣಿಯ ಎಂಜಿನ್ ಮನೆಯ ಕಲ್ಲುಗೋಡೆಯ ಒಂದು ತುಂಡು ಹುಲ್ಲಿನ ನಡುವೆ ಉಳಿದಿದೆ.